ಅಭಯದಾನದ ಮರೆತ ಖಾತೆ

ದೇವಪೂಜೆ, ಗುರೂಪಾಸನೆ, ಸ್ವಾಧ್ಯಾಯ, ಸಂಯಮ, ತಪಸ್ಸು, ದಾನ ಎಂಬ ಆರು ಶ್ರಾವಕನ ನಿತ್ಯಕರ್ಮಗಳೆಂದು ನಾವೆಲ್ಲರೂ ಬಾಲ್ಯದಲ್ಲಿಯೇ ಬಾಯಿಪಾಠ ಮಾಡಿದವರು. ಅವುಗಳಲ್ಲಿ ದಾನವು ಮತ್ತೆ ಆಹಾರ, ಅಭಯ, ಔಷಧ, ಶಾಸ್ತ್ರ ಎಂದು ನಾಲ್ಕು ಬಗೆಯಾಗಿದೆ. ಕರ್ನಾಟಕದ ಜೈನ ಶಾಸನಗಳು ಈ ನಾಲ್ಕನ್ನೂ 'ಆಹಾರಾಭಯಭೈಷಜ್ಯಶಾಸ್ತ್ರದಾನ' ಎಂಬ ಒಂದೇ ಸಮಾಸದಲ್ಲಿ ಪೋಣಿಸಿ ದಾನಿಗಳನ್ನು ಕೊಂಡಾಡುತ್ತವೆ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕನಾಗಿದ್ದ ಗಂಗರಾಜನ ಪತ್ನಿ ಲಕ್ಷ್ಮಿಯ ಔದಾರ್ಯವನ್ನು ಶ್ರವಣಬೆಳಗೊಳದ ಶಾಸನವು ಹೊಗಳಿರುವುದೂ ಈ ನಾಲ್ಕು ದಾನಗಳ ಮೂಲಕವೇ.

ವ್ಯಾಪಾರಿಯಾದ ನನಗೆ ಯಾವ ದೊಡ್ಡ ಮಾತು ಕೇಳಿದರೂ ಅದರ ಖಾತೆ ಎಲ್ಲಿದೆ ಎಂದು ಹುಡುಕುವ ಅಭ್ಯಾಸ. ಶಾಸ್ತ್ರದಾನದ ಖಾತೆ ಸ್ಪಷ್ಟವಾಗಿದೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ, 1007ರಲ್ಲಿ ಲಕ್ಕುಂಡಿಯ ಬ್ರಹ್ಮಜಿನಾಲಯವನ್ನು ಕಟ್ಟಿಸಿದ ಅತ್ತಿಮಬ್ಬೆಯ ಹೆಸರು ಅದರ ಮೊದಲ ಪುಟದಲ್ಲಿದೆ. ಆಹಾರದಾನದ ಖಾತೆಯೂ ಅಷ್ಟೇ ಸ್ಪಷ್ಟ. ಬಸದಿಗೆ ಭೂಮಿ ಬಿಟ್ಟ ಶಾಸನಗಳಲ್ಲಿ ಋಷಿಗಳ ಆಹಾರಕ್ಕೆ ಮತ್ತು ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ ಎಂದು ಉದ್ದೇಶವನ್ನು ಕಾಣಿಸಿರುತ್ತಾರೆ. ಐಹೊಳೆಯ ಐನೂರ್ವರು ಹೇರಿಗಿಷ್ಟು, ಹೊರೆಗಿಷ್ಟು ಎಂದು ತಾವೇ ತಮ್ಮ ಸರಕಿನ ಮೇಲೆ ಆಯವನ್ನು ಹೇರಿಕೊಂಡು ದೇಗುಲಗಳಿಗೆ ಕೊಡುತ್ತಿದ್ದರು. ಆ ಐಹೊಳೆ 1997ರಲ್ಲಿ ಬಾಗಲಕೋಟೆ ಜಿಲ್ಲೆಯಾಗುವವರೆಗೆ ನಮ್ಮ ಬಿಜಾಪುರ ಜಿಲ್ಲೆಯ ಊರೇ ಆಗಿತ್ತು. ನಮ್ಮ ಅಡತಿ ಅಂಗಡಿಗಳಲ್ಲಿ ಚೀಲಕ್ಕಿಷ್ಟೆಂದು ಹಿಡಿಯುತ್ತಿದ್ದ ಧರ್ಮಾದಾಯವು ಅದೇ ಪದ್ಧತಿಯ ಸಂತಾನವೆಂದು ನಾನು ತಿಳಿದಿದ್ದೇನೆ.

ಇನ್ನು ಅಭಯದಾನದ ಖಾತೆ. ಅದನ್ನು ನಮ್ಮ ಹಿರಿಯರು ಬಹುಮಟ್ಟಿಗೆ ಮೂಕಪ್ರಾಣಿಗಳ ಹೆಸರಿನಲ್ಲಿ ಬರೆದರು. 1834ರಲ್ಲಿ ಮುಂಬಯಿಯಲ್ಲಿ ಪಾರ್ಸಿ ದಾನಿ ಜಮ್ಶೆಟ್ಜಿ ಜೀಜೀಭಾಯಿಯವರೂ ಜೈನ ವರ್ತಕರೂ ಕೂಡಿ ಸ್ಥಾಪಿಸಿದ ಪಾಂಜರಾಪೋಳವು ಅದರ ಪ್ರಸಿದ್ಧ ನಿದರ್ಶನ. ಹಾಲು ಕೊಡದ ಹಸು, ಗಳೆ ಎಳೆಯಲಾರದ ಎತ್ತು, ಕಾಲು ಮುರಿದ ಕುದುರೆ ಅಲ್ಲಿ ಆಯುಷ್ಯ ಮುಗಿಯುವವರೆಗೆ ಮೇವು ನೀರು ಪಡೆಯುತ್ತವೆ. ಲಾಭದ ಆಸೆಯಿಲ್ಲದೆ, ಒಂದು ದಿನವಲ್ಲ, ಜೀವಮಾನವಿಡೀ ಆರೈಕೆ ಮಾಡುವ ಸಂಸ್ಥೆಯನ್ನು ಲೆಕ್ಕಪತ್ರಸಹಿತ ನಡೆಸುವ ವಿದ್ಯೆ ನಮ್ಮ ಸಮಾಜಕ್ಕೆ ಗೊತ್ತಿದೆ ಎಂಬುದಕ್ಕೆ ಇದೇ ಪುರಾವೆ.

ಈ ಮಾತು ನೆನಪಾದದ್ದಕ್ಕೆ ಕಾರಣವಿದೆ. ಕೆಲವು ವರ್ಷಗಳ ಹಿಂದೆ ಬಸವನ ಬಾಗೇವಾಡಿ ತಾಲೂಕಿನ ಒಬ್ಬ ತಾಯಿ ನನ್ನ ಅಂಗಡಿಗೆ ಬಂದು, ಇಪ್ಪತ್ತು ದಾಟಿದ ಮಗನನ್ನು ಪಕ್ಕದಲ್ಲಿ ಕೂಡಿಸಿಕೊಂಡು, "ಕಾಕಾರ, ನಾ ಸತ್ತ ಮ್ಯಾಲೆ ಇವನ್ನ ಯಾರ ನೋಡಾವ್ರು?" ಎಂದು ಕೇಳಿದಳು. ಹುಡುಗನಿಗೆ ಮಾತು ಸ್ವಲ್ಪ, ತಿಳಿವಳಿಕೆ ನಾಲ್ಕು ವರ್ಷದ ಕೂಸಿನಷ್ಟು. ಅವಳು ಹಣ ಕೇಳಲಿಲ್ಲ. ಊರಿನಲ್ಲಿ ಬಸವೇಶ್ವರರ ಹೆಸರಿನ ದಾಸೋಹವಿದೆ, ನಮ್ಮವರ ಆಹಾರದಾನವಿದೆ. ಅವನು ಹಸಿದಿರುವ ಭಯ ಅವಳಿಗಿರಲಿಲ್ಲ. ಅವಳು ಕೇಳಿದ್ದು ಅಕ್ಷರಶಃ ಅಭಯ. ನನ್ನಲ್ಲಿ ಉತ್ತರವಿರಲಿಲ್ಲ.

ಹಿಂದೆ 'ಬುದ್ಧಿಮಾಂದ್ಯ' ಎಂಬ ಒಂದೇ ಶಬ್ದದಲ್ಲಿ ಹೇಳುತ್ತಿದ್ದುದನ್ನು ಈಗ ಬೆಳವಣಿಗೆಯ ವೈಕಲ್ಯಗಳೆಂದು ಬಿಡಿಸಿ ನೋಡುತ್ತಾರೆ. ಬೌದ್ಧಿಕ ವೈಕಲ್ಯ, ಆಟಿಸಂ, ಸೆರೆಬ್ರಲ್ ಪಾಲ್ಸಿ ಇವು ಅದರಲ್ಲಿ ಮುಖ್ಯವಾದವು. ಇವು ಹುಟ್ಟಿನಿಂದ ಅಥವಾ ಎಳವೆಯಿಂದ ಬಂದು ಬಾಳಿನುದ್ದಕ್ಕೂ ಇರುವಂಥವು. ಹುಚ್ಚಲ್ಲ, ರೋಗವೂ ಅಲ್ಲ. 2011ರ ಜನಗಣತಿಯಲ್ಲಿ ಬೌದ್ಧಿಕ ವೈಕಲ್ಯವುಳ್ಳವರೆಂದು ಬರೆಯಿಸಿಕೊಂಡವರೇ ದೇಶದಲ್ಲಿ 15 ಲಕ್ಷ. ಬರೆಯಿಸದೆ ಉಳಿದವರು ಎಷ್ಟೋ.

ನಮ್ಮ ಆಗಮ ಪರಂಪರೆಯು ಇಂಥವರನ್ನು ಹೇಗೆ ಕಂಡಿತು? ಕುಂದಕುಂದಾಚಾರ್ಯರ ಭಾವಪಾಹುಡದಲ್ಲಿ ಶಿವಭೂತಿ ಮುನಿಯ ಉಲ್ಲೇಖವಿದೆ. ಟೀಕಾಕಾರರು ಹೇಳುವ ಕಥೆಯಂತೆ ಆ ಮುನಿಗೆ ಏನು ಕಲಿಸಿದರೂ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ಉದ್ದಿನ ಕಾಳಿನಿಂದ ಅದರ ಹೊಟ್ಟು ಬೇರೆಯಾಗಿರುವಂತೆ ಶರೀರದಿಂದ ಆತ್ಮ ಬೇರೆ ಎಂಬ ಒಂದೇ ಒಂದು ಉಪದೇಶವನ್ನು ಗುರುಗಳು ಕೊಟ್ಟರು. ಅದನ್ನೂ ಅವನು ಮರೆತ. ಒಂದು ದಿನ ಹೆಂಗಸೊಬ್ಬಳು ಉದ್ದಿನ ಬೇಳೆ ತೊಳೆಯುತ್ತಿರುವುದನ್ನು ಕಂಡು ಏನು ಮಾಡುತ್ತಿರುವೆ ಎಂದು ಕೇಳಿದ. ಬೇಳೆಯಿಂದ ಹೊಟ್ಟು ಬೇರೆ ಮಾಡುತ್ತಿದ್ದೇನೆ ಎಂದಳು. 'ತುಷ ಮಾಷ' ಎಂಬ ಆ ಎರಡು ಶಬ್ದಗಳನ್ನೇ ಹಿಡಿದು ಧ್ಯಾನಿಸಿ ಅವನು ಕೇವಲಜ್ಞಾನಿಯಾದ. ಹನ್ನೊಂದು ಅಂಗಗಳನ್ನು ಓದಿದವರಿಗೂ ದುರ್ಲಭವಾದದ್ದು ಅವನಿಗೆ ದೊರೆಯಿತು. ಪ್ರತಿಯೊಂದು ಜೀವದ ಸ್ವಭಾವವೂ ಅನಂತಜ್ಞಾನವೇ ಆಗಿರುವುದರಿಂದ ಮತ್ತು ನಿಗೋದ ಜೀವದಲ್ಲಿಯೂ ಜ್ಞಾನದ ಒಂದು ಕಣ ಆವರಣವಿಲ್ಲದೆ ಉಳಿದೇ ಇರುವುದೆಂದು ಸಿದ್ಧಾಂತವು ಹೇಳುವುದರಿಂದ ಈ ಕಥೆಯು ಕೇವಲ ಚಮತ್ಕಾರದ್ದಲ್ಲ.

ಆದರೆ ಇದನ್ನಷ್ಟೇ ಹೇಳಿ ಹೆಮ್ಮೆಪಡುವುದು ಪ್ರಾಮಾಣಿಕತೆಯಾಗಲಾರದು. ಶ್ವೇತಾಂಬರ ಭಾಷ್ಯಗ್ರಂಥಗಳು ದೀಕ್ಷೆಗೆ ಅನರ್ಹರಾದವರ ಪಟ್ಟಿಯಲ್ಲಿ ಜಡಬುದ್ಧಿಯವನನ್ನೂ ಸೇರಿಸಿವೆ. ಸಂಘದ ಕಠಿಣ ಚರ್ಯೆಯನ್ನು ಲಕ್ಷಿಸಿ ಮಾಡಿದ ನಿಯಮವದು ಎಂದುಕೊಂಡರೂ, ಹೊರಗಿಟ್ಟ ಮೇಲೆ ಅವನು ಎಲ್ಲಿರಬೇಕೆಂಬ ಪ್ರಶ್ನೆ ಉಳಿಯುತ್ತದೆ. ಅವನು ಮನೆಯಲ್ಲಿರುತ್ತಿದ್ದ. ಮನೆಯಲ್ಲಿ ಅವನ ಸ್ಥಾನವೇನಿತ್ತು ಎಂಬುದನ್ನು ಕಾನೂನಿನ ಇತಿಹಾಸ ತೋರಿಸುತ್ತದೆ. ಸ್ಮೃತಿಗಳು ಹುಟ್ಟುಜಡನಿಗೆ ಪಾಲನ್ನು ನಿರಾಕರಿಸಿ ಅನ್ನಬಟ್ಟೆ ಮಾತ್ರ ವಿಧಿಸಿದ್ದವು. ಬ್ರಿಟಿಷರ ಕಾಲದಲ್ಲಿ ಜೈನರಿಗೂ ಸಾಮಾನ್ಯವಾಗಿ ಹಿಂದೂ ಕಾಯಿದೆಯೇ ಅನ್ವಯಿಸುತ್ತಿತ್ತು. 1928ರ ಶಾಸನವು ಕುರುಡ, ಕುಂಟ, ಕಿವುಡ, ಮೂಗರೆಲ್ಲರಿಗೂ ವಾರಸಾಹಕ್ಕು ಕೊಟ್ಟಿತು; ಹುಟ್ಟಿನಿಂದ ಹುಚ್ಚರಾದವರನ್ನೂ ಹುಟ್ಟುಜಡರನ್ನೂ ಮಾತ್ರ ಹೊರಗಿಟ್ಟಿತು! ಆ ಬಾಗಿಲು ತೆರೆದದ್ದು 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 28ನೆಯ ಕಲಮಿನಿಂದ. ಅಂದಿನಿಂದ ಯಾವ ರೋಗ, ನ್ಯೂನತೆಯೂ ವಾರಸಾಹಕ್ಕಿಗೆ ಅಡ್ಡಿಯಲ್ಲ. ನಮ್ಮ ವರ್ತಕ ಮನೆತನಗಳ ಎಷ್ಟು ವಾಟ್ನಿ ಪತ್ರಗಳಲ್ಲಿ ಆ ಮೇಲೆಯೂ ಇಂಥವರ ಹೆಸರು ಬಂತು?

ನಮ್ಮ ಮನೆಯದರಲ್ಲಿ ಬರಲಿಲ್ಲ. ನಮ್ಮ ತಂದೆಯವರ ಕಿರಿಯ ತಮ್ಮ, ನಮಗೆ ಕಾಕಾ, ಹುಟ್ಟಿನಿಂದಲೇ ಅಂಥವರಾಗಿದ್ದರು. ಅಜ್ಜ ತೀರಿದ ನಂತರ ಅಣ್ಣತಮ್ಮಂದಿರು ಬೇರೆಯಾದಾಗ 'ಪೋಷಣೆಯ ಹೊಣೆ ಹಿರಿಯನದು' ಎಂಬ ಒಂದು ಸಾಲು ಮಾತ್ರ ಅವರ ಪಾಲಿಗೆ ಬಂತು. ಅವರು ಅಂಗಡಿಯ ಹಿಂದಿನ ಪಡಸಾಲೆಯಲ್ಲಿ ಕುಳಿತು ದಿನವಿಡೀ ತೊಗರಿ ಹಸನು ಮಾಡುತ್ತಿದ್ದರು. ಅವರ ಮೊರದಿಂದ ಬಂದ ಕಾಳಿನಲ್ಲಿ ಒಂದು ಹರಳೂ ಸಿಗುತ್ತಿರಲಿಲ್ಲ. ಹೊರಗೆ ಹೋಗಿ ಬಾವಿಯ ಕಡೆ ನಡೆದುಬಿಡುತ್ತಾರೆಂಬ ಭಯದಿಂದ ಅಜ್ಜಿ ಮಧ್ಯಾಹ್ನ ಮಲಗುವಾಗ ಹಳೆಯ ಸೀರೆಯ ಅಂಚಿನಿಂದ ಅವರ ಕಾಲನ್ನು ಕಂಬಕ್ಕೆ ಕಟ್ಟುತ್ತಿದ್ದಳು. ಅಜ್ಜಿಗೆ ಅವರ ಮೇಲೆ ಪ್ರಾಣ. ಆದರೆ ಬೀಗರು ಬಂದ ದಿನ ಅವರನ್ನು ಕಾಳಿನ ಕೋಣೆಯಲ್ಲಿಟ್ಟು ಅಗಳಿ ಹಾಕುತ್ತಿದ್ದುದು ಪ್ರೀತಿಯಿಂದಲ್ಲ. ನಮ್ಮ ಅತ್ತೆಯರ ಮದುವೆ ನಿಲ್ಲಬಾರದೆಂದು.

ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಹೇಳುತ್ತದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಪ್ರವಚನಗಳಲ್ಲಿ ಇವನ್ನು ದನಕರುಗಳಿಗೆ ಅನ್ವಯಿಸಿಯೇ ವಿವರಿಸುವುದನ್ನು ಕೇಳುತ್ತ ಬಂದಿದ್ದೇನೆ. ಕಾಕಾ ಅವರ ಕಂಬವನ್ನು ನೆನೆದಾಗಲೆಲ್ಲ ಈ ಪಟ್ಟಿ ಬೇರೆಯಾಗಿ ಓದಿಸಿಕೊಳ್ಳುತ್ತದೆ. ಆವಶ್ಯಕದ ಪ್ರಾಚೀನ ವ್ಯಾಖ್ಯಾನಗಳು 'ಬಂಧ'ವನ್ನು ಚರ್ಚಿಸುವಾಗ ನಾಲ್ಕು ಕಾಲಿನವುಗಳ ಜೊತೆಗೆ ಎರಡು ಕಾಲಿನವರನ್ನೂ ಹೇಳುತ್ತವೆ: ದಾಸ, ಕಳ್ಳ, ಮತ್ತು ಪಾಠ ಕಲಿಯದ ಮಗ. ಕಟ್ಟಲೇಬೇಕಾಗಿ ಬಂದರೆ ಅಲುಗಾಡುವಷ್ಟು ಸಡಿಲವಾಗಿ ಕಟ್ಟಬೇಕು; ಬೆಂಕಿ ಬಿದ್ದರೆ ಬಿಡಿಸಿಕೊಳ್ಳುವಂತಿರಬೇಕು ಎಂಬುದು ಅವುಗಳ ವಿಧಿ. ಪಾಠ ಕಲಿಯದ ಮಗನನ್ನು ಕಟ್ಟುವ ರೂಢಿ ಅಂದೂ ಇತ್ತೆಂಬುದಕ್ಕೆ ಇದು ಸಾಕ್ಷಿ. ಬೆಂಕಿಯ ಮಾತಂತೂ ಸುಳ್ಳಾಗಲಿಲ್ಲ. 2001ರ ಆಗಸ್ಟ್ 6ರಂದು ತಮಿಳುನಾಡಿನ ಎರವಾಡಿಯಲ್ಲಿ ಖಾಸಗಿ ಆಶ್ರಯಮನೆಯೊಂದಕ್ಕೆ ಬೆಂಕಿ ಹತ್ತಿದಾಗ ಸರಪಳಿಯಲ್ಲಿದ್ದ ಮನೋರೋಗಿಗಳು ಬಿಡಿಸಿಕೊಳ್ಳಲಾರದೆ ಹೋದರು. 28 ಜನ ಸತ್ತರು. ಅವರ ತೊಂದರೆ ಬೇರೆ ಬಗೆಯದು, ಸರಪಳಿ ಮಾತ್ರ ಒಂದೇ.

'ಛೇದ'ವೆಂದರೆ ಅಂಗವನ್ನು ಕತ್ತರಿಸುವುದು. ಈ ಕಾಲದಲ್ಲಿ ಅದೆಲ್ಲಿ ಎಂದು ಕೇಳುವವರು 1994ರಲ್ಲಿ ಪುಣೆಯಲ್ಲಿ ನಡೆದುದನ್ನು ನೆನೆಯಬೇಕು. ಶಿರೂರಿನ ಸರಕಾರಿ ವಸತಿಗೃಹದಲ್ಲಿದ್ದ ಬುದ್ಧಿಮಾಂದ್ಯ ಹೆಣ್ಣುಮಕ್ಕಳ ಗರ್ಭಕೋಶಗಳನ್ನು, ತಿಂಗಳ ಮುಟ್ಟಿನ ಶುಚಿತ್ವ ಕಷ್ಟವೆಂಬ ಕಾರಣಕ್ಕೆ, ಶಸ್ತ್ರಕ್ರಿಯೆಯಿಂದ ತೆಗೆಸಲಾಯಿತು. ದೇಶದಾದ್ಯಂತ ಪ್ರತಿಭಟನೆಯೆದ್ದಿತು. 'ಅತಿಭಾರಾರೋಪಣ'ಕ್ಕೆ ಮಾತ್ರ ಪುಣೆಗೆ ಹೋಗಬೇಕಾಗಿಲ್ಲ. ಇಂಥ ಮಗುವಿರುವ ಮನೆಯಲ್ಲಿ ಇಡೀ ಹೊರೆಯನ್ನು ಒಬ್ಬ ತಾಯಿಯ ಹೆಗಲ ಮೇಲಿಟ್ಟು ಉಳಿದವರು ವ್ಯಾಪಾರಕ್ಕೆ, ಪೂಜೆಗೆ, ಯಾತ್ರೆಗೆ ಹೋಗುವುದು ಎತ್ತಿನ ಬಂಡಿಗೆ ಹೆಚ್ಚು ಚೀಲ ಹೇರುವುದಕ್ಕಿಂತ ಹೇಗೆ ಭಿನ್ನ?

ಆ ತಾಯಿಗೇ 'ಪೂರ್ವಜನ್ಮದ ಕರ್ಮ' ಎಂದು ಹೇಳಿ ಕೈತೊಳೆದುಕೊಳ್ಳುವವರೂ ನಮ್ಮಲ್ಲಿದ್ದಾರೆ. ಕರ್ಮಸಿದ್ಧಾಂತವನ್ನು ಅರ್ಧ ಓದಿದರೆ ಹೀಗಾಗುತ್ತದೆ. ಜ್ಞಾನಾವರಣೀಯ ಕರ್ಮದ ಆಸ್ರವಕ್ಕೆ ಕಾರಣಗಳನ್ನು ಸೂತ್ರಕಾರರು ಎಣಿಸಿದ್ದಾರೆ. ಜ್ಞಾನದ ವಿಷಯದಲ್ಲಿ ಮಾತ್ಸರ್ಯ ಪಡುವುದು, ತಿಳಿದುದನ್ನು ಮರೆಮಾಚುವುದು, ಇನ್ನೊಬ್ಬರ ಕಲಿಕೆಗೆ ಅಂತರಾಯ ತರುವುದು ಅವುಗಳಲ್ಲಿ ಸೇರಿವೆ. ಅಂದರೆ ಮಗುವಿನ ಹಿಂದಿನ ಜನ್ಮ ನಮಗೆ ಕಾಣದು. ಆದರೆ ಅದಕ್ಕೆ ಕಲಿಸದೆ ಕೋಣೆಯಲ್ಲಿ ಕೂಡಿಹಾಕಿದ ನಾವು ಯಾವ ಕರ್ಮವನ್ನು ಕಟ್ಟಿಕೊಳ್ಳುತ್ತಿದ್ದೇವೆಂಬುದು ಸ್ಪಷ್ಟವಾಗಿ ಕಾಣುತ್ತದೆ. ಕಾರಣಗಳನ್ನು ಹುಡುಕುವುದೇ ಆದರೆ ಹೆರಿಗೆಯ ಹೊತ್ತಿನಲ್ಲಿ ಕೂಸಿಗೆ ಉಸಿರು ಕಟ್ಟುವುದು, ಅಯೋಡಿನ್ ಕೊರತೆ, ವರ್ಣತಂತುಗಳ ವ್ಯತ್ಯಾಸ ಮೊದಲಾದವನ್ನು ವೈದ್ಯರು ಹೇಳುತ್ತಾರೆ. ಸೋದರಮಾವನಿಗೆ ಹೆಣ್ಣು ಕೊಡುವ ನಮ್ಮ ಭಾಗದ ಪದ್ಧತಿಯಿಂದ ಕೆಲವು ಆನುವಂಶಿಕ ದೋಷಗಳ ಸಂಭವ ಹೆಚ್ಚುತ್ತದೆಂಬುದನ್ನು ಮದುವೆಯ ಮಾತುಕತೆಯಲ್ಲಿ ಹಿರಿಯರು ಕಿವಿಗೆ ಹಾಕಿಕೊಂಡರೆ ಒಳ್ಳೆಯದು.

ಸರಕಾರದ ಖಾತೆಯಲ್ಲಿಯೂ ಇವರಿಗೆ ಬಹಳ ಕಾಲ ಪುಟವಿರಲಿಲ್ಲ. ನಮ್ಮ ಭಾಗವು ಕಲಾದಗಿ ಜಿಲ್ಲೆ ಎನಿಸಿಕೊಂಡಿದ್ದ 1881ರ ಜನಗಣತಿಯಿಂದ ಹಿಡಿದು 1931ರವರೆಗೆ ಹುಚ್ಚರು, ಕಿವುಡ-ಮೂಗರು, ಕುರುಡರು, ಕುಷ್ಠರೋಗಿಗಳು ಎಂಬ ನಾಲ್ಕೇ ಕಲಂಗಳಿದ್ದವು. 1912ರ ಲ್ಯೂನಸಿ ಕಾಯಿದೆಯು ಜಡರನ್ನೂ ಹುಚ್ಚರನ್ನೂ ಒಂದೇ ವ್ಯಾಖ್ಯೆಯಲ್ಲಿ ಸೇರಿಸಿತು. 1987ರ ಮಾನಸಿಕ ಆರೋಗ್ಯ ಕಾಯಿದೆ ಅವರನ್ನು ಅದರಿಂದ ಬಿಡಿಸಿತಾದರೂ ಬೇರೆ ಪುಟ ಕೊಡಲಿಲ್ಲ. ಅದು ದೊರೆತದ್ದು 1995ರ ಅಂಗವಿಕಲರ ಕಾಯಿದೆಯಲ್ಲಿ.

ಅಲ್ಲಿಯವರೆಗೆ ಕೆಲಸ ನಡೆಸಿದವರು ಖಾಸಗಿ ಜನ. 1941ರಲ್ಲಿ ಮುಂಬಯಿಯ ಚಿಲ್ಡ್ರನ್ಸ್ ಏಡ್ ಸೊಸೈಟಿ ಇಂಥ ಮಕ್ಕಳಿಗಾಗಿ ಒಂದು ವಸತಿಗೃಹ ತೆರೆಯಿತು. 1944ರಲ್ಲಿ ಅದೇ ಊರಿನ ಪಾರ್ಸಿ ಮಹಿಳೆ ಜಾಯ್ ವಕೀಲರು ಡೌನ್ ಸಿಂಡ್ರೋಮ್ ಇದ್ದ ತಮ್ಮ ಮಗಳು ದೀನಾಳ ನಿಮಿತ್ತವಾಗಿ ಒಂದು ಶಾಲೆ ಆರಂಭಿಸಿದರು. ಅದು ಬೆಳೆದು ಇಂದಿಗೂ ನಡೆಯುತ್ತಿದೆ. ಪಾಂಜರಾಪೋಳದಲ್ಲಿ ನಮ್ಮ ಜೊತೆಗೂಡಿದ್ದ ಸಮಾಜವೇ 110 ವರ್ಷಗಳ ನಂತರ ಈ ಹೆಜ್ಜೆಯನ್ನು ಒಂಟಿಯಾಗಿ ಇಟ್ಟಿತು. ನಮ್ಮಲ್ಲಿ ಹೀಗೆ ಆಗಿಯೇ ಇಲ್ಲವೆಂದಲ್ಲ. ದಾನವೀರ ಶೇಠ್ ಮಾಣಿಕಚಂದರ ಮಗಳು ಮಗನಬಾಯಿಯವರು ಎಳೆಯ ವಯಸ್ಸಿನಲ್ಲಿ ವಿಧವೆಯಾದಾಗ ತಂದೆ ಅವರನ್ನು ಕತ್ತಲ ಕೋಣೆಯಲ್ಲಿ ಕೂಡಿಸಲಿಲ್ಲ, ಓದಿಸಿದರು. ಆ ಮಗಳು ಮುಂದೆ ಮುಂಬಯಿಯಲ್ಲಿ ಶ್ರಾವಿಕಾಶ್ರಮ ನಡೆಸಿ ಎಷ್ಟೋ ವಿಧವೆಯರಿಗೆ ಅಕ್ಷರ ಕೊಟ್ಟರು. ಮನೆಯೊಳಗಿನ ಒಂದು ದುಃಖವನ್ನು ಹೊರಗೆ ತಂದು ಎಲ್ಲರ ಖಾತೆಗೆ ಬರೆದಾಗಲೇ ಸಂಸ್ಥೆ ಹುಟ್ಟುತ್ತದೆ. ವಿಧವೆಯ ವಿಷಯದಲ್ಲಿ ನಾವು ಅದನ್ನು ಮಾಡಿದೆವು. ಬುದ್ಧಿ ಬೆಳೆಯದ ಮಗುವಿನ ವಿಷಯದಲ್ಲಿ ಅಗಳಿ ಹಾಕಿಯೇ ಕುಳಿತೆವು.

1899ರಲ್ಲಿ ಸ್ಥಾಪಿತವಾದ ದಕ್ಷಿಣ ಭಾರತ ಜೈನ ಸಭೆಯ ಬೋರ್ಡಿಂಗುಗಳು ಒಕ್ಕಲು ಮಕ್ಕಳನ್ನು ವಕೀಲರನ್ನಾಗಿ, ಅಧಿಕಾರಿಗಳನ್ನಾಗಿ ಮಾಡಿದವು. ಅದು ಶಾಸ್ತ್ರದಾನದ ಆಧುನಿಕ ರೂಪ. ಆದರೆ ಪರೀಕ್ಷೆ ಪಾಸಾಗಬಲ್ಲವರಿಗಷ್ಟೇ. ಭಗವಾನ್ ಮಹಾವೀರರ 2500ನೆಯ ನಿರ್ವಾಣ ಮಹೋತ್ಸವದ ಹೊತ್ತಿಗೆ, 1975ರಲ್ಲಿ, ಜಯಪುರದಲ್ಲಿ ಡಿ. ಆರ್. ಮೆಹತಾ ಅವರು ಆರಂಭಿಸಿದ ವಿಕಲಾಂಗ ಸಹಾಯತಾ ಸಮಿತಿಯು ಲಕ್ಷಾಂತರ ಜನರಿಗೆ ಕೃತಕ ಕಾಲು ಕೊಟ್ಟು ಲೋಕವಿಖ್ಯಾತವಾಯಿತು. ಕುಂಟುತ್ತ ಬಂದವನು ನಡೆಯುತ್ತ ಹೋಗುತ್ತಾನೆ. ಇದಕ್ಕಿಂತ ಧನ್ಯತೆ ಬೇಕೆ? ಆ ಯಶಸ್ಸಿನಿಂದಲೋ ಏನೋ, ನಮ್ಮ ಟ್ರಸ್ಟುಗಳಿಗೆ ಸೇವೆಯೆಂದರೆ ಒಂದು ದಿನದ ಶಿಬಿರ ಎಂಬಂತಾಗಿದೆ. ಬೆಳಿಗ್ಗೆ ಉದ್ಘಾಟನೆ, ಮಧ್ಯಾಹ್ನ ವಿತರಣೆ, ಸಂಜೆ ಛಾಯಾಚಿತ್ರ. ಬೌದ್ಧಿಕ ವೈಕಲ್ಯಕ್ಕೆ ತೊಡಿಸುವ ಕಾಲು ಇಲ್ಲ. ಚಮಚೆ ಹಿಡಿಯಲು ಕಲಿಸುವುದಕ್ಕೇ ಆರು ತಿಂಗಳು ಹಿಡಿದೀತು. ಇದಕ್ಕೆ ನಿತ್ಯವೂ ಇರುವ ಮನುಷ್ಯರು ಬೇಕು. ಸಮಂತಭದ್ರಾಚಾರ್ಯರು ಶ್ರಾವಕನ ನಾಲ್ಕನೆಯ ಶಿಕ್ಷಾವ್ರತಕ್ಕೆ 'ವೈಯಾವೃತ್ತ್ಯ' ಎಂದೇ ಹೆಸರಿಟ್ಟರು. ಅದು ಕೊಟ್ಟು ಎದ್ದುಹೋಗುವ ಶಬ್ದವಲ್ಲ, ಹತ್ತಿರವಿದ್ದು ಮಾಡುವ ಶುಶ್ರೂಷೆಯ ಶಬ್ದ. ಅವರು ಅದನ್ನು ಸಂಯಮಿಗಳನ್ನು ಲಕ್ಷಿಸಿ ಹೇಳಿದರೆಂಬ ಆಕ್ಷೇಪ ನನಗೆ ತಿಳಿದಿದೆ. ಮುನಿಗಳಿಗೆ ಮಾಡಬಲ್ಲ ಕೈಗಳು ಮಗುವಿಗೆ ಮಾಡಲಾರವೆ?

ಇಂದು ಕಾನೂನು ನಮಗಿಂತ ಮುಂದಿದೆ. ಪೋಷಕರ ಸಂಘಗಳ ಒತ್ತಾಯದಿಂದ 1999ರಲ್ಲಿ ನ್ಯಾಷನಲ್ ಟ್ರಸ್ಟ್ ಕಾಯಿದೆ ಬಂದಿತು. ಆ ತಾಯಿಯ ಪ್ರಶ್ನೆಯೇ ಅದರ ಮೂಲ. ಮಗನಿಗೆ 18 ತುಂಬಿದ ದಿನದಿಂದ ತಂದೆತಾಯಿಗಳೂ ಕಾನೂನಿನ ಕಣ್ಣಿನಲ್ಲಿ ಅವನ ಪಾಲಕರಲ್ಲವೆಂಬುದು ನಮ್ಮ ಬಹಳ ಮನೆಗಳಿಗೆ ತಿಳಿಯದು. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಸಮಿತಿಗೆ ಅರ್ಜಿ ಕೊಟ್ಟು ಪಾಲಕರನ್ನು ನೇಮಿಸಿಕೊಳ್ಳಬೇಕು. ತಂದೆತಾಯಿ, ಬಂಧುಗಳು, ನೋಂದಾಯಿತ ಸಂಸ್ಥೆ ಯಾರೂ ಅರ್ಜಿ ಕೊಡಬಹುದು. ಅದೇ ಕಾಯಿದೆಯಡಿ 'ನಿರಾಮಯ' ಎಂಬ 1 ಲಕ್ಷ ರೂಪಾಯಿವರೆಗಿನ ಆರೋಗ್ಯವಿಮೆಯೂ ಇದೆ. 2016ರ ಕಾಯಿದೆಯು ವೈಕಲ್ಯಗಳ ಸಂಖ್ಯೆಯನ್ನು 7ರಿಂದ 21ಕ್ಕೆ ಏರಿಸಿ, ಸರಕಾರಿ ನೌಕರಿಯ ಮೀಸಲಾತಿಯಲ್ಲಿ ಆಟಿಸಂ ಮತ್ತು ಬೌದ್ಧಿಕ ವೈಕಲ್ಯದವರಿಗೂ ಸ್ಥಾನ ಕೊಟ್ಟಿತು. ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೂ ತಾಲೂಕಿನಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರೂ ಇದ್ದಾರೆ. ಗುರುತಿನ ಚೀಟಿ, ಮಾಸಾಶನಗಳ ಅರ್ಜಿ ತುಂಬಿಕೊಡುವವರು ಅವರೇ. ಆದರೆ ಬಾಗೇವಾಡಿಯಿಂದ ಜಿಲ್ಲಾಸ್ಥಳಕ್ಕೆ ಸುಮಾರು 40 ಕಿಲೋಮೀಟರು. ಬಸ್ಸಿನಲ್ಲಿ ಚೀರುವ ಮಗನನ್ನು ಹಿಡಿದುಕೊಂಡು, ಒಂದು ದಿನದ ಕೂಲಿ ಬಿಟ್ಟು, ಮೂರು ಸಲ ಹೋಗಿಬರುವುದು ಆ ತಾಯಿಗೆ ಆಗದ ಮಾತು. ಕಾಯಿದೆಗೂ ಅವಳಿಗೂ ನಡುವಿನ ಆ 40 ಕಿಲೋಮೀಟರನ್ನು ತುಂಬಲು ದೊಡ್ಡ ದೇಣಿಗೆ ಬೇಡ. ಕಾಗದಪತ್ರ ಬಲ್ಲ ಒಬ್ಬ ಶ್ರಾವಕ, ಒಂದು ಗಾಡಿ ಸಾಕು.

ಕೊನೆಯದಾಗಿ ನನ್ನ ತಪ್ಪೊಂದನ್ನು ಬರೆಯದೆ ಈ ಲೇಖನ ಪೂರ್ಣವಾಗದು. ನಾನು ಸದಸ್ಯನಾಗಿರುವ ಒಂದು ಜಿನಮಂದಿರದಲ್ಲಿ ಇದೇ ಹುಡುಗ ಅಭಿಷೇಕದ ಹೊತ್ತಿಗೆ ದೊಡ್ಡ ದನಿ ತೆಗೆಯುತ್ತಾನೆಂದು ಕೆಲವರು ದೂರಿದರು. ಪರ್ವದ ದಿನಗಳಲ್ಲಿ ಅವನನ್ನು ಕರೆತರಬೇಡವೆಂದು ತಾಯಿಗೆ ತಿಳಿಸುವ ನಿರ್ಣಯವಾಯಿತು. ಸಭೆಯ ನಡಾವಳಿಯನ್ನು ಬರೆದದ್ದು ನನ್ನ ಕೈ. ನಿರ್ವಿಚಿಕಿತ್ಸಾ ಅಂಗದ ಪ್ರವಚನದಲ್ಲಿ ಉದ್ದಾಯನ ರಾಜನ ಕಥೆಯನ್ನು ಕೇಳಿ ತಲೆದೂಗಿದ ನಾವೇ ಹಾಗೆ ಬರೆದೆವು. ಅವಳು ಅಂಗಡಿಗೆ ಬಂದು ಆ ಪ್ರಶ್ನೆ ಕೇಳಿದ್ದು ಅದಾದ ಎರಡು ತಿಂಗಳಿಗೆ.

ಮುಂದಿನ ಸಭೆಯಲ್ಲಿ ನಾನೇ ಆ ನಿರ್ಣಯವನ್ನು ರದ್ದುಮಾಡಲು ಸೂಚಿಸಿದೆ. ಒಂದು ಮತದಿಂದ ಪಾಸಾಯಿತು. ಪಾಲಕತ್ವದ ಅರ್ಜಿಯನ್ನು ಕೊಡಿಸಿದ್ದೇವೆ. ಹುಡುಗ ಈಗ ಬೆಳಿಗ್ಗೆ ಬಂದು ಮಂದಿರದ ಹಿಂದಿನ ಪಡಸಾಲೆಯಲ್ಲಿ ಕುಳಿತು ಪೂಜೆಯ ಅಕ್ಷತೆಗೆ ಅಕ್ಕಿ ಆರಿಸುತ್ತಾನೆ. ಮುರಿದ ಕಾಳು ಒಂದನ್ನೂ ಬಿಡುವುದಿಲ್ಲ. ವರ್ಷದ ಹನ್ನೊಂದು ತಿಂಗಳು ಬೀಗ ಹಾಕಿರುವ ಯಾತ್ರಿಕರ ಕೋಣೆಯನ್ನು ಇಂಥ ನಾಲ್ಕಾರು ಮಕ್ಕಳಿಗೆ ಹಗಲು ಆಶ್ರಯವಾಗಿ ತೆರೆಯಬೇಕೆಂಬ ಸೂಚನೆಯೂ, ಗರ್ಭಗೃಹದ ಮುಂದಿನ ನೆಲಕ್ಕೆ ಹೊಸ ಸಂಗಮರವರಿ ಹಾಕಿಸಬೇಕೆಂಬ ಸೂಚನೆಯೂ ಒಂದೇ ಶಿಲ್ಕಿನ ಮೇಲೆ ನಿಂತಿವೆ. ಎರಡೂ ದಶಲಕ್ಷಣ ಪರ್ವದ ನಂತರದ ಸಭೆಗೆ ಬರಲಿವೆ.